ಡಿಸೆಂಬರ್ ಮೋಡದ ನಡುವೆ ಭತ್ತದ ಕೊಯ್ಲು: ದಿನ ಗೊತ್ತುಮಾಡುವುದು ಹೇಗೆ?

ನಾಲೆ ಬಯಲಿನಲ್ಲಿ ಭತ್ತ ಮಾಗುವ ಹೊತ್ತಿಗೇ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳೂ ಏಳುತ್ತವೆ. ಎರಡು ದಿನ ಬಿಸಿಲು ಕಂಡ ಕೂಡಲೇ ಕೊಯ್ದು, ಅರಿಯನ್ನು (ಕೊಯ್ದ ಪೈರಿನ ಹಿಡಿಗಳನ್ನು) ಗದ್ದೆಯಲ್ಲೇ ಬಿಟ್ಟು, ಮಳೆಗೆ ಸಿಕ್ಕಿಸಿ ತೆನೆಯಲ್ಲೇ ಮೊಳಕೆ ಬರಿಸಿಕೊಳ್ಳುವವರು ಮದ್ದೂರು, ಮಳವಳ್ಳಿ, ಟಿ. ನರಸೀಪುರದ ಕಡೆ ಕಡಿಮೆಯೇನಿಲ್ಲ.

ಮೊದಲು ಕೊಯ್ಲಿಗೆ ಹತ್ತು ದಿನ ಇರುವಾಗಲೇ ಗದ್ದೆಯ ನೀರು ಬಸಿಯಿರಿ. ತೆನೆಯಲ್ಲಿ ನೂರಕ್ಕೆ 80–85 ಕಾಳು ಹೊಂಬಣ್ಣಕ್ಕೆ ತಿರುಗಿದರೆ ಬೆಳೆ ಹದಕ್ಕೆ ಬಂತು.

ಆಮೇಲೆ ಮುನ್ಸೂಚನೆ. ಹೆಚ್ಚಿನವರು ಎಡವುವುದು ಇಲ್ಲೇ. ಭಾರತೀಯ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ನೋಟ ಕೊಡುತ್ತದೆ. ಅದು ಇಡೀ ದಕ್ಷಿಣ ಒಳನಾಡಿಗೆ ಅನ್ವಯಿಸುವ ಮಾತು, ನಿಮ್ಮ ಹೋಬಳಿಯದಲ್ಲ. ‘ವಾಡಿಕೆಗಿಂತ ಹೆಚ್ಚು ಮಳೆ’ ಎಂದಿದ್ದರೆ ವಾರವಿಡೀ ಸುರಿಯುತ್ತದೆ ಎಂದು ಗಾಬರಿಯಾಗಬೇಡಿ: ಡಿಸೆಂಬರ್‌ನ ವಾಡಿಕೆ ಮಳೆಯೇ ಅಲ್ಪ, ಒಂದು ದಿನ ಸುರಿದರೂ ವಾರದ ಲೆಕ್ಕ ಹೆಚ್ಚಾಗುತ್ತದೆ. ಇದನ್ನು ಯಂತ್ರ, ಆಳು ಗೊತ್ತುಮಾಡಲು ಮಾತ್ರ ಬಳಸಿ. ಕೊಯ್ಲಿನ ದಿನವನ್ನು ಐದು ದಿನಗಳ ಜಿಲ್ಲಾ ಮುನ್ಸೂಚನೆ ನೋಡಿಯೇ ತೀರ್ಮಾನಿಸಿ. ಮಂಗಳವಾರ ಮತ್ತು ಶುಕ್ರವಾರದ ಕೃಷಿ ಸಲಹೆ ‘ಮೇಘದೂತ್’ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ತಾರೀಕಿಲ್ಲದ ನಕ್ಷೆಗಳನ್ನು ನಂಬಲೇಬೇಡಿ.

ಕುಸಿತ ಎತ್ತ ಸಾಗುತ್ತಿದೆ ಎಂಬುದನ್ನೂ ಗಮನಿಸಿ. ಒಡಿಶಾದ ಕಡೆ ತಿರುಗಿದರೆ ನಮಗೆ ಸಾಮಾನ್ಯವಾಗಿ ಮೋಡವಷ್ಟೇ. ತಮಿಳುನಾಡು, ಪುದುಚೇರಿ ಕರಾವಳಿಗೆ ಬಂದರೆ ಎಚ್ಚರ ಬೇಕು. ದಡ ಸೇರಿ ದುರ್ಬಲವಾಯಿತು ಎಂಬ ಸುದ್ದಿ ಕೇಳಿ ಕೊಯ್ಲಿಗೆ ಇಳಿಯುವುದು ದೊಡ್ಡ ತಪ್ಪು. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಸೇರಿತು. ಮೈಸೂರು, ಮಂಡ್ಯದಲ್ಲಿ ಮಳೆ ಹಿಡಿದದ್ದು ಅದರ ನಂತರ.

ಮಳೆಯ ಸೂಚನೆ ಇದ್ದರೆ ಕೈಕೊಯ್ಲು ಬೇಡ. ನೆಲಕ್ಕೆ ಬಿದ್ದ ಅರಿಗಿಂತ ನಿಂತ ಪೈರು ಮಳೆಯನ್ನು ಚೆನ್ನಾಗಿ ತಡೆಯುತ್ತದೆ. ಮುನ್ಸೂಚನೆಯಲ್ಲಿ ಮೂರು ಒಣ ದಿನ ಕಂಡಾಗ ಕೊಯ್ಲು ಯಂತ್ರ ಕರೆಸಿ. ನೆಲ ಹಸಿಯಾಗಿದ್ದರೆ ಚೈನ್ ಪಟ್ಟಿಯ ಮೇಲೆ ಓಡುವ ಗಾಡಿಯೇ ಬರಲಿ, ಟೈರಿನದು ಹೂತುಕೊಳ್ಳುತ್ತದೆ.

ಯಂತ್ರದಿಂದ ಬಂದ ಕಾಳಿನಲ್ಲಿ ತೇವಾಂಶ ಶೇ 20–24 ಇರುತ್ತದೆ, ಅದನ್ನು ಚೀಲಕ್ಕೆ ತುಂಬಬೇಡಿ. ಎರಡು ಅಂಗುಲಕ್ಕಿಂತ ದಪ್ಪವಾಗದಂತೆ ಹರವಿ, ಗಂಟೆಗೊಮ್ಮೆ ಕೈಯಾಡಿಸಿ. ಖರೀದಿ ಕೇಂದ್ರಕ್ಕೆ ಒಯ್ಯುವುದಾದರೆ ಶೇ 17ರೊಳಗೆ, ಮನೆಯಲ್ಲಿ ದಾಸ್ತಾನು ಮಾಡುವುದಾದರೆ ಶೇ 14ಕ್ಕಿಂತ ಕೆಳಗೆ ಇಳಿಯಬೇಕು. ಮಳೆಗೆಂದು ರಾಶಿಗೆ ಮುಚ್ಚಿದ ಟಾರ್ಪಾಲನ್ನು ಮಳೆ ನಿಂತ ತಕ್ಷಣ ತೆಗೆಯಿರಿ. ಹಸಿ ರಾಶಿ ಮುಚ್ಚಿದಂತೆಯೇ ಇದ್ದರೆ ಒಳಗೆ ಬಿಸಿಯೇರಿ ಅಕ್ಕಿ ಹಳದಿಯಾಗುತ್ತದೆ, ಮುಗ್ಗಲು ಹಿಡಿಯುತ್ತದೆ. ಸಂತೆಯ ತೆಳು ನೀಲಿ ಹಾಳೆ ಕೊಳ್ಳಬೇಡಿ, ಮೊದಲ ಗಾಳಿಗೇ ಹರಿಯುತ್ತದೆ.

ಮಾಗಿದ ಬೆಳೆ ಆಗಲೇ ಮಲಗಿ ನೆನೆದಿದ್ದರೆ ನೀರು ಹೊರಬಿಟ್ಟು, ಲೀಟರಿಗೆ 50 ಗ್ರಾಂ ಉಪ್ಪು ಕರಗಿಸಿ ತೆನೆಗೆ ಸಿಂಪಡಿಸಿ. ಮೊಳಕೆ ತಡವಾಗುತ್ತದೆ. ಆ ಭತ್ತವನ್ನು ಬಿತ್ತನೆಗೆ ಇಡಬೇಡಿ.