ಒಂಟಾರಿಯೋದಲ್ಲಿ ಆನ್‌ಲೈನ್ ಕ್ಯಾಸಿನೋ: ದುಡ್ಡು ಹಾಕೋದು, ತೆಗೆಯೋದು ಮತ್ತು ನಡುವೆ ಸೋರೋದು

ನಾನು ಮಿಸಿಸಾಗಾದಲ್ಲಿ ಸಣ್ಣ ಅಂಗಡಿಯವರ, ಟ್ರಕ್ ಓಡಿಸುವವರ ಲೆಕ್ಕ ಬರೆಯುವವನು. ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಸ್ವಲ್ಪ ಹೊತ್ತು ಆನ್‌ಲೈನ್‌ನಲ್ಲಿ ಬ್ಲ್ಯಾಕ್‌ಜಾಕ್ ಅನ್ನೋ ಇಸ್ಪೀಟಾಟ ಆಡುತ್ತೇನೆ. ಗೆಲ್ಲುವ ಗುಟ್ಟೇನೂ ನನ್ನ ಹತ್ತಿರ ಇಲ್ಲ. ಆಟ ಯಾವತ್ತೂ ಕ್ಯಾಸಿನೋ ಕಡೆಗೇ ವಾಲಿರುತ್ತದೆ. ಸಿನಿಮಾ ಟಿಕೆಟ್‌ಗೆ ಖರ್ಚು ಮಾಡಿದ ಹಾಗೆ, ಹೋದ ದುಡ್ಡು ಹೋಯಿತು ಅಂತಲೇ ಹಾಕುತ್ತೇನೆ. ಆದರೆ ಆಟಕ್ಕೆ ಕೂರುವ ಮೊದಲೇ ಬ್ಯಾಂಕು, ಕಾರ್ಡ್ ಕಂಪನಿ, ನಡುವಿನ ಪೇಮೆಂಟ್ ಕಂಪನಿ ಇವರೆಲ್ಲ ಎಷ್ಟು ಕಿತ್ತುಕೊಳ್ಳುತ್ತಾರೆ ಅನ್ನೋದು ಇದೆಯಲ್ಲ, ಅದು ನನ್ನ ಕಸುಬಿನ ವಿಷಯ. ಇಲ್ಲಿನ ಕನ್ನಡದ ಗೆಳೆಯರು ಆಗಾಗ ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಜಾಗದ ಮಾತು. ಕೆನಡಾದಲ್ಲಿ ಜೂಜು ನಡೆಸುವ ಅಧಿಕಾರ ಪ್ರಾಂತ್ಯಗಳದ್ದು. ಹಾಗಾಗಿ ಬ್ರಿಟಿಷ್ ಕೊಲಂಬಿಯಾದಲ್ಲಿ ಪ್ಲೇನೌ ಅನ್ನೋ ಸೈಟ್ ಇದೆ, ಕ್ವಿಬೆಕ್‌ನಲ್ಲಿ ಲೋಟೋ-ಕ್ವಿಬೆಕ್‌ನ ಸೈಟ್ ಇದೆ, ಎರಡೂ ಸರ್ಕಾರದ್ದೇ. ಒಂಟಾರಿಯೋ ಬೇರೆ ದಾರಿ ಹಿಡಿಯಿತು. 2022ರ ಏಪ್ರಿಲ್ 4ರಿಂದ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ನಿಯಮ ಮಾಡುವುದು ಎಜಿಸಿಒ, ಅಂದರೆ ಮದ್ಯ, ಜೂಜು ಇತ್ಯಾದಿಗಳ ಮೇಲೆ ಕಣ್ಣಿಡುವ ಪ್ರಾಂತ್ಯದ ಸಂಸ್ಥೆ. ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದು ಐಗೇಮಿಂಗ್ ಒಂಟಾರಿಯೋ ಅನ್ನೋ ಇನ್ನೊಂದು ಸರ್ಕಾರಿ ಸಂಸ್ಥೆ. ಒಪ್ಪಿಗೆ ಪಡೆದ ಸೈಟ್‌ಗಳ ಪಟ್ಟಿ ಐಗೇಮಿಂಗ್ ಒಂಟಾರಿಯೋದ ಜಾಲತಾಣದಲ್ಲೇ ಇದೆ. ನಾನು ಎಲ್ಲಿಯಾದರೂ ಖಾತೆ ತೆರೆಯುವ ಮೊದಲು ಆ ಪಟ್ಟಿ ನೋಡುತ್ತೇನೆ. ವಯಸ್ಸು 19 ಆಗಿರಬೇಕು. ಹೊರದೇಶದ ಲೈಸೆನ್ಸ್ ಇಟ್ಟುಕೊಂಡ ಸೈಟ್‌ಗಳು ಎಷ್ಟೇ ಚೆನ್ನಾಗಿ ಕಂಡರೂ ನಾನು ಹೋಗುವುದಿಲ್ಲ. ದುಡ್ಡು ಸಿಕ್ಕಿಹಾಕಿಕೊಂಡರೆ ದೂರು ಕೊಡೋಕೆ ಇಲ್ಲಿ ಒಂದು ಕಚೇರಿ ಇರಬೇಕು, ಅಲ್ವಾ?

ಈಗ ಮುಖ್ಯ ವಿಷಯ. ಯಾವ ಸೈಟಿಗೆ ಹೋದರೂ ದುಡ್ಡು ಹಾಕುವ, ತೆಗೆಯುವ ಕ್ಯಾಷಿಯರ್ ಪುಟದಲ್ಲಿ 'ಡೆಪಾಸಿಟ್ ಶುಲ್ಕ: ಇಲ್ಲ' ಅಂತ ಬರೆದಿರುತ್ತದೆ. ಅದು ಸುಳ್ಳಲ್ಲ. ಅವರು ನಿಮ್ಮಿಂದ ತೆಗೆದುಕೊಳ್ಳುವುದಿಲ್ಲ, ಅಷ್ಟೇ. ತೆಗೆದುಕೊಳ್ಳುವವರು ಬೇರೆ ಕಡೆ ಕೂತಿರುತ್ತಾರೆ. ಅವರ ಹೆಸರು ಕಾಣೋದು ತಿಂಗಳ ಕೊನೆಗೆ ಬರುವ ಸ್ಟೇಟ್‌ಮೆಂಟ್‌ನಲ್ಲಿ.

ಗೆಳೆಯನೊಬ್ಬ ತನ್ನ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ತಂದು ನನ್ನ ಮುಂದೆ ಇಟ್ಟಿದ್ದ. ಒಂದೇ ವಾರಾಂತ್ಯದಲ್ಲಿ 50 ಡಾಲರ್‌ನಂತೆ ನಾಲ್ಕು ಸಲ ಹಾಕಿದ್ದ. ಪ್ರತಿ 50ರ ಕೆಳಗೂ ಇನ್ನೊಂದು ಸಾಲು: ಕ್ಯಾಶ್ ಅಡ್ವಾನ್ಸ್ ಶುಲ್ಕ, 5 ಡಾಲರ್. ಅಂದರೆ 200 ಡಾಲರ್ ಆಡಲು 20 ಡಾಲರ್ ಮೊದಲೇ ಹೋಯಿತು. 'ಎಟಿಎಂ ಹತ್ತಿರಾನೇ ಹೋಗಿಲ್ಲ ನಾನು, ಇದೆಂಥ ಕ್ಯಾಶು?' ಅಂತ ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ವಿಷಯ ಏನಂದರೆ, ಕಾರ್ಡ್ ಲೋಕದಲ್ಲಿ ಪ್ರತಿ ವ್ಯಾಪಾರಕ್ಕೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಜೂಜಿನದು 7995. ಆ ಸಂಖ್ಯೆ ಕಂಡ ಕೂಡಲೇ ಇಲ್ಲಿನ ಬಹಳಷ್ಟು ಬ್ಯಾಂಕುಗಳು ಅದನ್ನು ಸಾಮಾನು ಕೊಂಡ ಲೆಕ್ಕಕ್ಕೆ ಹಾಕುವುದಿಲ್ಲ, ಕೈಗೆ ನಗದು ಕೊಟ್ಟ ಲೆಕ್ಕಕ್ಕೆ ಹಾಕುತ್ತವೆ. ಕಾರ್ಡ್ ಕೊಡುವಾಗ ಸಹಿ ಹಾಕಿಸಿಕೊಂಡ ಒಪ್ಪಂದದಲ್ಲಿ ಇದು ಇರುತ್ತದೆ. ಯಾರು ಓದುತ್ತಾರೆ ಹೇಳಿ.

ಶುಲ್ಕಕ್ಕಿಂತ ಬಡ್ಡಿಯದು ಇನ್ನೊಂದು ಕಥೆ. ಸಾಮಾನು ಕೊಂಡರೆ ಕನಿಷ್ಠ 21 ದಿನ ಬಡ್ಡಿ ಇಲ್ಲದ ಅವಧಿ ಸಿಗುತ್ತದೆ. ಕ್ಯಾಶ್ ಅಡ್ವಾನ್ಸ್‌ಗೆ ಅದಿಲ್ಲ. ತೆಗೆದ ದಿನದಿಂದಲೇ ಮೀಟರ್ ಓಡುತ್ತದೆ. ದರ ಸಾಮಾನ್ಯವಾಗಿ ವರ್ಷಕ್ಕೆ ಶೇ. 22.99ರ ಸುತ್ತಮುತ್ತ. ಆ 200 ಡಾಲರ್‌ಗೆ 30 ದಿನಕ್ಕೆ 3.78 ಡಾಲರ್ ಬಡ್ಡಿ ಆಗುತ್ತದೆ. ಶುಲ್ಕ ಸೇರಿಸಿ 23.78. ಬಿಲ್ ಪೂರ್ತಿ ಕಟ್ಟುವ ಶಿಸ್ತಿನ ಮನುಷ್ಯನಿಗೂ ಈ ಬಡ್ಡಿ ತಪ್ಪುವುದಿಲ್ಲ. ಪಾಯಿಂಟ್ಸ್ ಬರುತ್ತವಲ್ಲ ಅಂತ ಕೆಲವರು ಕಾರ್ಡ್ ಹಾಕುತ್ತಾರೆ. ಕ್ಯಾಶ್ ಅಡ್ವಾನ್ಸ್‌ಗೆ ಪಾಯಿಂಟ್ಸೂ ಬರುವುದಿಲ್ಲ.

ಶುಲ್ಕದ ಮೊತ್ತ ಪ್ರತಿ ಸಲಕ್ಕೆ ಇಷ್ಟು ಅಂತ ಇರುವುದರಿಂದ, ಚಿಕ್ಕ ಚಿಕ್ಕ ಮೊತ್ತ ಹಾಕುವವನಿಗೇ ಹೊಡೆತ ಜಾಸ್ತಿ. ಅದೂ ಅಲ್ಲದೆ ಸಾಲದ ದುಡ್ಡಲ್ಲಿ ಆಡುವುದು ನನಗೆ ಒಗ್ಗುವುದಿಲ್ಲ. ಹಾಗಾಗಿ ಕ್ರೆಡಿಟ್ ಕಾರ್ಡ್ ನನ್ನ ಲೆಕ್ಕದಲ್ಲಿ ಹೊರಗೆ. ಆಪಲ್ ಪೇ, ಪೇಪಾಲ್ ಬಳಸುವವರು ಒಂದು ವಿಷಯ ನೋಡಿಕೊಳ್ಳಿ: ಅವು ಬರೀ ಮೇಲಿನ ಹೊದಿಕೆ. ಒಳಗೆ ಕ್ರೆಡಿಟ್ ಕಾರ್ಡ್ ಕೂರಿಸಿದ್ದರೆ ಬ್ಯಾಂಕು ಅದನ್ನೂ ಕ್ಯಾಶ್ ಅಡ್ವಾನ್ಸ್ ಅಂತಲೇ ಬರೆದುಕೊಳ್ಳಬಹುದು.

ನಾನು ಬಳಸುವುದು ಇಂಟರಾಕ್ ಇ-ಟ್ರಾನ್ಸ್‌ಫರ್, ಅಂದರೆ ಬ್ಯಾಂಕ್ ಖಾತೆಯಿಂದ ನೇರ ದುಡ್ಡು ಕಳಿಸುವ ಇಲ್ಲಿನ ವ್ಯವಸ್ಥೆ. ಮನೆ ಬಾಡಿಗೆ, ಮಕ್ಕಳ ನೃತ್ಯದ ಫೀಸು, ಗಣೇಶ ಹಬ್ಬದ ಚಂದಾ ಎಲ್ಲಾ ಅದರಲ್ಲೇ ಕೊಡುತ್ತೇವಲ್ಲ, ಅದೇ. ಕ್ಯಾಷಿಯರ್ ಪುಟದಲ್ಲಿ ಇಂಟರಾಕ್ ಒತ್ತಿ 50 ಅಂತ ಬರೆಯುತ್ತೇನೆ. ದುಡ್ಡು ಕೇಳುವ ಒಂದು ವಿನಂತಿ ಬರುತ್ತದೆ. ಕೆಲವು ಸೈಟ್‌ಗಳಲ್ಲಿ ಅದೇ ಪರದೆಯಲ್ಲಿ, ಕೆಲವದರಲ್ಲಿ ಇಮೇಲ್‌ಗೆ. ನನ್ನ ಬ್ಯಾಂಕ್ ಆರಿಸಿ, ಲಾಗಿನ್ ಆಗಿ, ಯಾವ ಖಾತೆಯಿಂದ ಅಂತ ಹೇಳಿ ಒಪ್ಪಿಗೆ ಕೊಟ್ಟರೆ ಮುಗಿಯಿತು. ಆ ವಿನಂತಿಯಲ್ಲಿ ಹಲವು ಸಲ ಕ್ಯಾಸಿನೋ ಹೆಸರು ಇರುವುದಿಲ್ಲ, ನಡುವಿನ ಪೇಮೆಂಟ್ ಕಂಪನಿಯ ಹೆಸರಿರುತ್ತದೆ. ಮೊದಲ ಸಲ ನೋಡಿದರೆ ಯಾರೋ ಮೋಸಗಾರರ ಇಮೇಲ್ ಅನ್ನಿಸುತ್ತದೆ. ಅದಕ್ಕೆ ನನ್ನ ಪದ್ಧತಿ ಇಷ್ಟು: ಕ್ಯಾಷಿಯರ್ ಪುಟವನ್ನು ಮುಚ್ಚದೆ ತೆರೆದಿಟ್ಟುಕೊಳ್ಳುತ್ತೇನೆ. ಮೊತ್ತ ಸೆಂಟ್‌ವರೆಗೂ ತಾಳೆಯಾಗಬೇಕು, ಅಲ್ಲಿ ತೋರಿಸಿದ ಕಂಪನಿ ಹೆಸರೇ ಇಲ್ಲೂ ಇರಬೇಕು. ನಾನು ಏನೂ ಒತ್ತದೆ ಇರುವಾಗ ಅಂಥ ಇಮೇಲ್ ತಾನಾಗಿ ಬಂದರೆ ತೆರೆಯುವುದೇ ಇಲ್ಲ.

ಇ-ಟ್ರಾನ್ಸ್‌ಫರ್ ಪೂರ್ತಿ ಉಚಿತವಾ? ಅದು ನಿಮ್ಮ ಖಾತೆ ಯಾವುದು ಅನ್ನೋದರ ಮೇಲಿದೆ. ಈಗ ಬಹಳಷ್ಟು ಚೆಕ್ಕಿಂಗ್ ಖಾತೆಗಳಲ್ಲಿ ಇ-ಟ್ರಾನ್ಸ್‌ಫರ್‌ಗೆ ಪ್ರತ್ಯೇಕ ಶುಲ್ಕ ಇಲ್ಲ. ಆದರೆ ಕಡಿಮೆ ಮಾಸಿಕ ಶುಲ್ಕದ ಖಾತೆಗಳಲ್ಲಿ ತಿಂಗಳಿಗೆ ಇಂತಿಷ್ಟೇ ವಹಿವಾಟು ಅಂತ ಮಿತಿ ಇರುತ್ತದೆ, ದಾಟಿದರೆ ಪ್ರತಿಯೊಂದಕ್ಕೂ ಒಂದು ಡಾಲರ್ ಚಿಲ್ಲರೆ. ಕ್ಯಾಸಿನೋಗೆ ಕಳಿಸಿದ್ದೂ ಆ ಎಣಿಕೆಯಲ್ಲಿ ಸೇರುತ್ತದೆ. ಅದಕ್ಕೇ ನಾನು ಮಾಸಿಕ ಶುಲ್ಕವೇ ಇಲ್ಲದ ಆನ್‌ಲೈನ್ ಬ್ಯಾಂಕೊಂದರಲ್ಲಿ ಬೇರೆ ಖಾತೆ ಇಟ್ಟಿದ್ದೇನೆ. ಸಂಬಳ ಬರುವ ಖಾತೆಯಿಂದ ತಿಂಗಳಿಗೊಮ್ಮೆ ಅಲ್ಲಿಗೆ ದುಡ್ಡು ಹೋಗುತ್ತದೆ. ಅದು ಖಾಲಿಯಾದರೆ ಆ ತಿಂಗಳ ಆಟ ಮುಗಿಯಿತು.

ಬೇರೆ ಖಾತೆಗೆ ಇನ್ನೊಂದು ಕಾರಣ ಇದೆ. ಮನೆ ಕೊಳ್ಳಲು ಸಾಲಕ್ಕೆ ಹೋದರೆ, ಮುಂಗಡ ಹಣ ಎಲ್ಲಿಂದ ಬಂತು ಅಂತ ತೋರಿಸಲು ಸಾಮಾನ್ಯವಾಗಿ 90 ದಿನದ ಸ್ಟೇಟ್‌ಮೆಂಟ್ ಕೇಳುತ್ತಾರೆ. ಸಾಲಿಗೊಂದರಂತೆ ಪೇಮೆಂಟ್ ಕಂಪನಿಗಳ ಹೆಸರು ಕಂಡರೆ ಸಾಲ ಕೊಡುವವರು ಪ್ರಶ್ನೆ ಕೇಳದೆ ಇರುತ್ತಾರೆಯೇ? ಮುಚ್ಚಿಡಬೇಕು ಅಂತಲ್ಲ. ಕೇಳಿದರೆ ಆ ಖಾತೆಯನ್ನೂ ತೋರಿಸಬೇಕು. ಆದರೆ ಎಷ್ಟು ಹೋಯಿತು, ಎಷ್ಟು ಬಂತು ಅನ್ನೋದು ಒಂದೇ ಜಾಗದಲ್ಲಿದ್ದರೆ ಉತ್ತರ ಹೇಳೋದು ಸುಲಭ.

ಉಳಿದ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ವೀಸಾ ಡೆಬಿಟ್ ಚೆನ್ನಾಗಿಯೇ ಇದೆ, ದುಡ್ಡು ನಿಮ್ಮ ಖಾತೆಯಿಂದಲೇ ಹೋಗುವುದರಿಂದ ಕ್ಯಾಶ್ ಅಡ್ವಾನ್ಸ್ ಕಾಟವಿಲ್ಲ, ಆದರೆ ಕೆಲವು ಬ್ಯಾಂಕುಗಳ ಕಾರ್ಡ್‌ಗೆ ಗೆದ್ದ ದುಡ್ಡು ವಾಪಸ್ ಬರುವುದಿಲ್ಲ. ನಿಮ್ಮ ಬ್ಯಾಂಕ್ ಖಾತೆಗೂ ಕ್ಯಾಸಿನೋಗೂ ನಡುವೆ ನಿಲ್ಲುವ ಐಡೆಬಿಟ್, ಇನ್‌ಸ್ಟಾಡೆಬಿಟ್ ಥರದ ಸೇವೆಗಳು ಪ್ರತಿ ಸಲ ತಮ್ಮ ಚಿಲ್ಲರೆ ಶುಲ್ಕ ತೆಗೆದುಕೊಳ್ಳುತ್ತವೆ, ಇ-ಟ್ರಾನ್ಸ್‌ಫರ್ ಇರುವಾಗ ಯಾಕೆ ಬೇಕು? ಮೊದಲೇ ದುಡ್ಡು ಕೊಟ್ಟು ಕೊಳ್ಳುವ ಪೇಸೇಫ್‌ಕಾರ್ಡ್ ವೋಚರ್ ತೆಗೆದುಕೊಂಡರೆ ಕೊಂಡಷ್ಟೇ ಖರ್ಚಾಗುತ್ತದೆ ಅನ್ನೋದು ಒಳ್ಳೆಯ ಗುಣ. ತೆಗೆಯುವಾಗ ಮಾತ್ರ ಬೇರೆ ದಾರಿ ಬೇಕು. ಕ್ರಿಪ್ಟೋ ಕೇಳಲೇಬೇಡಿ. ಒಂಟಾರಿಯೋದ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಯಾವುದಾದರೂ ಸೈಟ್ ಬಿಟ್‌ಕಾಯಿನ್ ಹಾಕಿ ಅಂದರೆ, ಅದು ಪಟ್ಟಿಯಲ್ಲಿಲ್ಲದ ಸೈಟ್ ಅನ್ನೋದಕ್ಕೆ ಬೇರೆ ಪುರಾವೆ ಬೇಡ. ಅಂಥ ಹೊರಗಿನ ಸೈಟ್‌ಗಳು ಖಾತೆಯನ್ನು ಅಮೆರಿಕನ್ ಡಾಲರ್‌ನಲ್ಲೋ ಯೂರೋದಲ್ಲೋ ಇಟ್ಟರೆ ಕಾರ್ಡ್‌ನವರ ಶೇ. 2.5 ಪರಿವರ್ತನೆ ಶುಲ್ಕವೂ ಸೇರಿಕೊಳ್ಳುತ್ತದೆ.

ಮಿತಿ ಅಂದರೆ ಒಂದಲ್ಲ, ಮೂರು. ಮೊದಲನೆಯದು ಕ್ಯಾಸಿನೋದು: ಕನಿಷ್ಠ ಸಾಮಾನ್ಯವಾಗಿ 10 ಡಾಲರ್, ಕೆಲವು ಕಡೆ 20. ಗರಿಷ್ಠ ನೀವು ಯಾವ ದಾರಿ ಆರಿಸುತ್ತೀರಿ ಅನ್ನೋದರ ಮೇಲೆ. ಎರಡನೆಯದು ಬ್ಯಾಂಕಿನದು: ಇ-ಟ್ರಾನ್ಸ್‌ಫರ್‌ಗೆ ಹಲವು ಬ್ಯಾಂಕುಗಳಲ್ಲಿ ದಿನಕ್ಕೆ 3,000 ಡಾಲರ್. ಆ ಮಿತಿಯಲ್ಲೇ ನಿಮ್ಮ ಬಾಡಿಗೆಯೂ ಸೇರಿದೆ ಅನ್ನೋದು ನೆನಪಿರಲಿ. ಈ ಎರಡೂ ನನ್ನಂಥವನಿಗೆ ಮುಟ್ಟುವುದೇ ಇಲ್ಲ. ಮೂರನೆಯದು ನನ್ನದು, ಅದೇ ಕೆಲಸಕ್ಕೆ ಬರುವುದು.

ಒಂಟಾರಿಯೋದಲ್ಲಿ ಖಾತೆ ತೆರೆಯುವಾಗಲೇ ಡೆಪಾಸಿಟ್ ಮಿತಿ ಇಟ್ಟುಕೊಳ್ಳುವ ಆಯ್ಕೆಯನ್ನು ಸೈಟ್‌ಗಳು ಕೊಡಲೇಬೇಕು. ಎಲ್ಲರೂ ಅದನ್ನು ಸುಮ್ನೆ ದಾಟಿ ಮುಂದೆ ಹೋಗುತ್ತಾರೆ. ನಾನು ತಿಂಗಳ ಮಿತಿಯನ್ನು ಅಲ್ಲೇ ತುಂಬುತ್ತೇನೆ, ಆಮೇಲೆಯೇ ಮೊದಲ ಡಾಲರ್ ಹಾಕುವುದು. ಇದರ ಒಳಗಿನ ಜಾಣತನ ನನಗೆ ಇಷ್ಟ: ಇಟ್ಟ ಮಿತಿಯನ್ನು ಸಡಿಲ ಮಾಡಿ ಅಂದರೆ ಕನಿಷ್ಠ 24 ಗಂಟೆ ಕಾಯಬೇಕು. ಸೋತ ಸಿಟ್ಟಲ್ಲಿ ರಾತ್ರಿ ಹನ್ನೊಂದಕ್ಕೆ ಮಿತಿ ಏರಿಸಲು ಹೊರಟವನು, ಮರುದಿನ ಹನ್ನೊಂದಕ್ಕೆ ಇನ್ನೂ ಅದೇ ಮನಸ್ಸಲ್ಲಿ ಇರುತ್ತಾನಾ? ಬಹಳ ಸಲ ಇರುವುದಿಲ್ಲ. ಒಂದು ತೊಂದರೆ: ಈ ಮಿತಿ ಆ ಒಂದು ಸೈಟಿಗೆ ಮಾತ್ರ. ಐದು ಸೈಟ್‌ನಲ್ಲಿ ಖಾತೆ ಇದ್ದರೆ ಐದು ಮಿತಿ. ನಾನು ಒಂದೇ ಸೈಟ್ ಇಟ್ಟುಕೊಂಡಿರುವುದಕ್ಕೆ ಇದೇ ಕಾರಣ. ಮಿತಿಯಿಂದಲೂ ತಡೆಯಲಾಗದ ಮಟ್ಟಕ್ಕೆ ಹೋದವರಿಗೆ ಕನೆಕ್ಸ್‌ಒಂಟಾರಿಯೋ ಅಂತ ಉಚಿತ ಸಹಾಯವಾಣಿ ಇದೆ, 1-866-531-2600. ನನ್ನ ಒಬ್ಬ ಗಿರಾಕಿಗೆ ನಾನೇ ಆ ನಂಬರ್ ಬರೆದುಕೊಟ್ಟಿದ್ದೇನೆ.

ಬೋನಸ್ ವಿಷಯ ಡೆಪಾಸಿಟ್‌ಗೆ ಅಂಟಿಕೊಂಡೇ ಬರುತ್ತದೆ. 100 ಹಾಕಿದರೆ 100 ಬೋನಸ್ ಕೊಡುತ್ತೇವೆ, ಆದರೆ ತೆಗೆಯುವ ಮೊದಲು ಆ ಬೋನಸ್‌ನ 35 ಪಟ್ಟು ಪಣಕ್ಕಿಟ್ಟು ಆಡಬೇಕು ಅನ್ನೋದು ಒಂದು ಮಾಮೂಲಿ ಷರತ್ತು. 3,500 ಡಾಲರ್ ಆಟ ಆಯಿತು. ಬ್ಲ್ಯಾಕ್‌ಜಾಕ್‌ನಲ್ಲಿ ಆಡಿದ ದುಡ್ಡಿನ ಶೇ. 10 ಮಾತ್ರ ಹಲವು ಕಡೆ ಎಣಿಕೆಗೆ ಬರುತ್ತದೆ, ಹಾಗಾದರೆ 35,000 ಡಾಲರ್. ತಪ್ಪಿಲ್ಲದೆ ಆಡಿದರೂ ಒಳ್ಳೆಯ ನಿಯಮದ ಮೇಜಿನಲ್ಲಿ ಕ್ಯಾಸಿನೋ ಪಾಲು ಸುಮಾರು ಶೇ. 0.5. ಅಂದರೆ 100 ಡಾಲರ್ ಬೋನಸ್ ಬಿಡಿಸಿಕೊಳ್ಳಲು ಸರಾಸರಿ 175 ಡಾಲರ್ ಕಳೆಯಬೇಕು. ನಾನು ಬೋನಸ್ ಬೇಡ ಅನ್ನುವ ಚೌಕಕ್ಕೆ ಟಿಕ್ ಹಾಕುತ್ತೇನೆ.

ದುಡ್ಡು ತೆಗೆಯುವಾಗ ಸಾಮಾನ್ಯ ನಿಯಮ: ಬಂದ ದಾರಿಯಲ್ಲೇ ಹೋಗಬೇಕು, ಹೆಸರು ಒಂದೇ ಇರಬೇಕು. ಹೆಂಡತಿಯ ಖಾತೆಯಿಂದ ಹಾಕಿ ನನ್ನ ಖಾತೆಗೆ ತೆಗೆಯುತ್ತೇನೆ ಅಂದರೆ ಆಗುವುದಿಲ್ಲ. ನಮ್ಮವರಿಗೆ ಇಲ್ಲೊಂದು ವಿಶೇಷ ತಲೆನೋವಿದೆ, ಹೆಸರಿನದು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಉದ್ದಕ್ಕೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಊರ ಹೆಸರು ಸರ್‌ನೇಮ್. ಕ್ಯಾಸಿನೋ ಖಾತೆಯನ್ನು ಬ್ಯಾಂಕಿನಲ್ಲಿ ಇರುವ ಹಾಗೇ ತೆರೆದು, ದುಡ್ಡು ಹಾಕುವ ಮೊದಲೇ ಐಡಿ ಅಪ್‌ಲೋಡ್ ಮಾಡಿ ಒಪ್ಪಿಗೆ ಪಡೆದುಕೊಂಡೆ. ಇಲ್ಲದಿದ್ದರೆ ಈ ತಕರಾರು ಏಳೋದು ಗೆದ್ದ ದಿನವೇ. ಬ್ಯಾಂಕಿನಲ್ಲಿ ಆಟೋಡೆಪಾಸಿಟ್ ಹಾಕಿಟ್ಟಿರುವುದರಿಂದ, ಕ್ಯಾಸಿನೋದವರು ಕಳಿಸಿದ ಇ-ಟ್ರಾನ್ಸ್‌ಫರ್ ಪ್ರಶ್ನೆ ಉತ್ತರ ಇಲ್ಲದೆ ನೇರ ಖಾತೆಗೆ ಬೀಳುತ್ತದೆ. ಮೋಜಿಗೆ ಆಡಿ ಗೆದ್ದದ್ದಕ್ಕೆ ಕೆನಡಾದಲ್ಲಿ ಆದಾಯ ತೆರಿಗೆ ಇಲ್ಲ. ಸೋತದ್ದನ್ನು ಖರ್ಚು ಅಂತ ಕಳೆಯಲೂ ಆಗುವುದಿಲ್ಲ, ಇದನ್ನಂತೂ ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ.

ಊರಿಗೆ ಹೋಗುವವರಿಗೆ ಒಂದು ಮಾತು. ಈ ಸೈಟ್‌ಗಳು ಫೋನು ಎಲ್ಲಿದೆ ಅಂತ ನೋಡುತ್ತವೆ, ಒಂಟಾರಿಯೋ ಗಡಿ ದಾಟಿದರೆ ಆಟ ಇಲ್ಲ. ಭಾರತದಲ್ಲಿ 2025ರ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನೇ ನಿಷೇಧಿಸಿದೆ. ಇರುವ ಜಾಗ ಮರೆಮಾಡುವ ವಿಪಿಎನ್ ಹಾಕಿ ಜಾಣತನ ಮಾಡಿದರೆ ಖಾತೆ ಮುಚ್ಚಿ ಬ್ಯಾಲೆನ್ಸ್ ಹಿಡಿದಿಡಬಹುದು. ಬಹಳ ಕಾಲ ಬಳಸದ ಖಾತೆಗೆ ಶುಲ್ಕ ಹಾಕುವ ಷರತ್ತೂ ಕೆಲವು ಕಡೆ ಇರುತ್ತದೆ. ನಾನು ಬೆಂಗಳೂರಿನ ವಿಮಾನ ಹತ್ತುವ ವಾರ ಮೊದಲೇ ಬ್ಯಾಲೆನ್ಸ್ ಪೂರ್ತಿ ತೆಗೆದು ಬ್ಯಾಂಕಿಗೆ ಹಾಕಿಬಿಡುತ್ತೇನೆ.