ಮೊದಲು ವರ್ಷ, ಆಮೇಲೆ ನಾಯಕ: ಜಪಾನಿ ಆಳ್ವಿಕೆಯ ಕೊರಿಯಾ ಕುರಿತು ಕಾದಂಬರಿ ಬರೆಯುವವರಿಗೆ

ಕೊರಿಯಾ ಜಪಾನಿನ ವಸಾಹತಾಗಿದ್ದದ್ದು 1910ರಿಂದ 1945ರವರೆಗೆ. ಈ 35 ವರ್ಷಗಳನ್ನು ಒಂದೇ ಬಣ್ಣದ ಕತ್ತಲೆ ಎಂದುಕೊಂಡು ಬರೆಯಲು ಕೂತವರ ಕಥೆ ಮೂರನೇ ಅಧ್ಯಾಯದ ಹೊತ್ತಿಗೆ ಕುಂಟತೊಡಗುತ್ತದೆ. ಯಾವ ಪೊಲೀಸ್ ಬಂದು ಬಾಗಿಲು ಬಡಿಯುತ್ತಾನೆ, ಸುದ್ದಿ ಹೇಗೆ ಊರು ತಲುಪುತ್ತದೆ, ಹುಡುಗಿ ಶಾಲೆಯಲ್ಲಿ ಯಾವ ಭಾಷೆ ಮಾತಾಡುತ್ತಾಳೆ ಎಂಬುದೆಲ್ಲ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಹಾಗಾಗಿ ನಾಯಕ ಯಾರು ಎಂದು ಯೋಚಿಸುವ ಮೊದಲೇ ವರ್ಷವನ್ನು, ಸಾಧ್ಯವಾದರೆ ತಿಂಗಳನ್ನೂ, ಗೊತ್ತುಮಾಡಿಕೊಳ್ಳಿ.

ವರ್ಷ ಆರಿಸುವುದು

ವಸಾಹತಾಗುವ ಮೊದಲೇ, 1907ರ ಆಗಸ್ಟ್‌ನಲ್ಲಿ, ಕೊರಿಯಾದ ಸೈನ್ಯವನ್ನು ವಿಸರ್ಜಿಸಿದಾಗ ಕೆಲಸ ಕಳೆದುಕೊಂಡ ಸೈನಿಕರಲ್ಲಿ ಹಲವರು ಬಂದೂಕಿನ ಸಮೇತ ಬೆಟ್ಟ ಹತ್ತಿ ‘ಉಯ್ಬ್ಯೊಂಗ್’ ಎಂಬ ಸ್ವಯಂಪ್ರೇರಿತ ಹೋರಾಟದ ದಳಗಳನ್ನು ಸೇರಿದರು. ಅಲ್ಲಿ ಕನ್ಫ್ಯೂಷಿಯನ್ ಪಂಡಿತ, ಬೇಟೆಗಾರ, ರೈತ, ಮಾಜಿ ಸಿಪಾಯಿ ಒಂದೇ ಬೆಂಕಿಯ ಸುತ್ತ ಕೂರಬೇಕಾಯಿತು. ಹುಟ್ಟಿನ ಮೇಲುಕೀಳು ಇನ್ನೂ ಗಟ್ಟಿಯಾಗಿದ್ದ ಸಮಾಜದಲ್ಲಿ ಯಾರು ಯಾರಿಗೆ ಆಜ್ಞೆ ಮಾಡಬೇಕು ಎಂಬ ಜಗಳವೇ ಅರ್ಧ ಕಾದಂಬರಿ ಆಗುತ್ತದೆ. ಈ ಕಾಲವನ್ನು ಯಾಕೋ ಹೆಚ್ಚಿನವರು ಮುಟ್ಟುವುದಿಲ್ಲ.

1910ರಿಂದ 1919ರವರೆಗೆ ಬಾಗಿಲಿಗೆ ಬರುವವನು ‘ಕೆಂಪೆಯ್’, ಅಂದರೆ ಮಿಲಿಟರಿ ಪೊಲೀಸ್. ಶಾಲೆಯ ಮೇಷ್ಟರ ಸೊಂಟದಲ್ಲೂ ಕತ್ತಿ ಇರುತ್ತಿದ್ದ ಕಾಲ ಅದು. ಸಣ್ಣ ಅಪರಾಧಗಳನ್ನು ಪೊಲೀಸರೇ ನ್ಯಾಯಾಲಯದ ಹಂಗಿಲ್ಲದೆ ತೀರ್ಮಾನಿಸಬಹುದಿತ್ತು. 1912ರ ಛಡಿಯೇಟಿನ ಶಾಸನ ಕೊರಿಯನ್ನರಿಗೆ ಮಾತ್ರ ಅನ್ವಯಿಸುತ್ತಿತ್ತು. 1920ರಲ್ಲಿ ಅದನ್ನು ರದ್ದುಪಡಿಸಿದರು. ಕಥೆ ಕಟ್ಟುವವರಿಗೆ ಇದರ ಅರ್ಥ: 1915ರ ನಿಮ್ಮ ಪಾತ್ರವನ್ನು ಹಿಡಿದು, ಹೊಡೆದು, ನಾಲ್ಕನೇ ದಿನ ಮನೆಗೆ ಕಳಿಸಬಹುದು; ವಕೀಲನೂ ಬೇಡ, ಕೋರ್ಟಿನ ದೃಶ್ಯವೂ ಬೇಡ. ಅದೇ ಪಾತ್ರ 1926ರಲ್ಲಿ ಸಿಕ್ಕಿಬಿದ್ದರೆ 1925ರ ಶಾಂತಿಪಾಲನಾ ಕಾಯಿದೆ, ವಿಚಾರಣೆ, ವರ್ಷಗಟ್ಟಲೆ ಜೈಲು.

1919ರ ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಿಸಿ ಜನ ಬೀದಿಗಿಳಿದ ನಂತರ ಬಂದ ‘ಸಾಂಸ್ಕೃತಿಕ ಆಳ್ವಿಕೆ’ಯಲ್ಲಿ ಕೆಂಪೆಯ್ ಜಾಗಕ್ಕೆ ಸಾಮಾನ್ಯ ಪೊಲೀಸರು ಬಂದರು, ಮೇಷ್ಟರ ಕತ್ತಿ ಹೋಯಿತು, 1920ರ ಮಾರ್ಚ್‌ನಲ್ಲಿ ‘ಚೊಸುನ್ ಇಲ್ಬೊ’, ಏಪ್ರಿಲ್‌ನಲ್ಲಿ ‘ದೊಂಗಾ ಇಲ್ಬೊ’ ಶುರುವಾದವು. ಹಿಡಿತ ಸಡಿಲವಾಯಿತು ಎಂದು ಬರೆದುಬಿಡಬೇಡಿ. ಪೊಲೀಸರ ಸಂಖ್ಯೆ ಹೆಚ್ಚಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. 1937ರ ನಂತರದ್ದು ಮತ್ತೊಂದೇ ಲೋಕ: ಸಾಮ್ರಾಟನ ಪ್ರಜೆಯೆಂಬ ಪ್ರಮಾಣವಚನ, 1940ರಲ್ಲಿ ಜಪಾನಿ ಮಾದರಿಯ ಕುಟುಂಬನಾಮದ ಒತ್ತಾಯ, ಅದೇ ಆಗಸ್ಟ್‌ನಲ್ಲಿ ಆ ಎರಡೂ ಪತ್ರಿಕೆಗಳಿಗೆ ಬೀಗ. 1930ರ ಪಾತ್ರಕ್ಕೆ ಜಪಾನಿ ಹೆಸರು ಹೇರಿದರೆ ಅದು ಹತ್ತು ವರ್ಷದ ತಪ್ಪು.

ತಾರೀಕು ಮತ್ತು ಊರ ಹೆಸರು

ಗೋಡೆಗೆ ನಾಲ್ಕು ಕಾಲಂನ ಒಂದು ಹಾಳೆ ಅಂಟಿಸಿ: ಸೌರ ದಿನಾಂಕ, ಚಾಂದ್ರಮಾನದ ತಿಥಿ, ಜಪಾನಿ ಶಕೆ, ಆ ದಿನ ನಿಮ್ಮ ಪಾತ್ರಕ್ಕೆ ಏನು ಗೊತ್ತಿತ್ತು. ಸರ್ಕಾರಿ ಕಾಗದದಲ್ಲಿ 1919 ಎಂದರೆ ತೈಶೊ 8. ಸ್ವಾತಂತ್ರ್ಯ ಘೋಷಣೆಯಲ್ಲಿ ಅದೇ ವರ್ಷ 4252, ಕೊರಿಯಾವನ್ನು ಸ್ಥಾಪಿಸಿದನೆಂಬ ದಂಗುನ್‌ನ ಪುರಾಣದಿಂದ ಎಣಿಸಿದ್ದು. ಹಳ್ಳಿಯಲ್ಲಿ ಹುಟ್ಟು, ಶ್ರಾದ್ಧ, ಸಂತೆ ಎಲ್ಲವೂ ಚಾಂದ್ರಮಾನ. ಸಂತೆ ಐದು ದಿನಕ್ಕೊಮ್ಮೆ ಕೂಡುತ್ತಿತ್ತು, ಹಳ್ಳಿಗಾಡಿನ ಎಷ್ಟೋ ಪ್ರದರ್ಶನಗಳು ಸಂತೆಯ ದಿನವೇ ನಡೆದವು. ಜನ ಸೇರಿಸಲು ಬೇರೆ ಕಾರಣ ಹುಡುಕಬೇಕಿರಲಿಲ್ಲ. ವಿದ್ಯಾರ್ಥಿನಿ ಯು ಗ್ವಾನ್‌ಸುನ್ ಭಾಗವಹಿಸಿದ ಅವುನೆ ಸಂತೆಯ ಪ್ರದರ್ಶನ 1919ರ ಏಪ್ರಿಲ್ 1ರಂದು, ಚಾಂದ್ರಮಾನದ ಮೂರನೇ ತಿಂಗಳ ಮೊದಲ ದಿನ. ಪೊಲೀಸರಿಗೆ ಕಾಣುವ ತಾರೀಕು ಒಂದು, ಅಜ್ಜಿಗೆ ಕಾಣುವುದು ಇನ್ನೊಂದು. ಎರಡನ್ನೂ ಬಳಸಿ.

ರಾಜಧಾನಿಯ ಅಧಿಕೃತ ಹೆಸರು ಗ್ಯೊಂಗ್‌ಸೊಂಗ್, ಜಪಾನಿಯರ ಬಾಯಲ್ಲಿ ಕೇಜೊ. ಸೋಲ್ ಎಂಬ ಹೆಸರು ಜನರ ಮಾತಿನಲ್ಲಿ ಮೊದಲಿಂದಲೂ ಇತ್ತು. ಹಾಗಾಗಿ ಸಂಭಾಷಣೆಯಲ್ಲಿ ಸೋಲ್ ಬಂದರೆ ತಪ್ಪಲ್ಲ, ಠಾಣೆಯ ಕಾಗದದಲ್ಲಿ ಬಂದರೆ ತಪ್ಪು. ಪ್ಯೊಂಗ್ಯಾಂಗ್ ಟಿಕೆಟ್ಟಿನ ಮೇಲೆ ಹೇಜೊ ಆಗಿರಲಿ. ನಗರದೊಳಗೆ ಚೊಂಗ್ಗ್ಯೆಚೊನ್ ತೊರೆಯ ಉತ್ತರಕ್ಕೆ ಕೊರಿಯನ್ನರ ಜೊಂಗ್ನೊ, ದಕ್ಷಿಣಕ್ಕೆ ಜಪಾನಿಯರ ಅಂಗಡಿ ಬೀದಿಗಳು. ಪಾತ್ರ ಸೇತುವೆ ದಾಟಿದರೆ ಭಾಷೆಯೂ ಬೆಳಕೂ ಬದಲಾಗಬೇಕು. ಗ್ಯೊಂಗ್‌ಬೊಕ್ ಅರಮನೆಯ ಮುಂದಿನ ಗವರ್ನರ್ ಜನರಲ್ ಕಟ್ಟಡ ಮುಗಿದದ್ದು 1926ರಲ್ಲಿ. 1919ರ ಗುಂಪು ಅದರ ಮುಂದೆ ಘೋಷಣೆ ಕೂಗಲಾರದು.

ಪ್ರತಿರೋಧ ಅಂದರೆ ಕೆಲಸ

ಹೆಚ್ಚಿನ ಹಸ್ತಪ್ರತಿಗಳು ಸೋಲುವುದು ಇಲ್ಲಿ. ಭಾಷಣ ಬರೆಯುತ್ತಾರೆ, ಗುಂಡು ಹಾರಿಸುತ್ತಾರೆ. ನಡುವಿನ ದುಡಿಮೆ ಕಾಣುವುದೇ ಇಲ್ಲ. ಮಾರ್ಚ್ 1ರ ಘೋಷಣಾಪತ್ರವನ್ನು ಚೊಂದೊಗ್ಯೊ ಪಂಥದ ‘ಬೊಸೊಂಗ್ಸಾ’ ಮುದ್ರಣಾಲಯದಲ್ಲಿ ಫೆಬ್ರವರಿ 27ರ ರಾತ್ರಿ ಅಚ್ಚು ಹಾಕಿದರು, 21,000 ಪ್ರತಿ. ಇದನ್ನು ದೃಶ್ಯ ಮಾಡಬೇಕಾದರೆ ಪ್ರಶ್ನೆಗಳನ್ನು ಬರೆದುಕೊಳ್ಳಿ: ಇಷ್ಟು ಕಾಗದವನ್ನು ಅನುಮಾನ ಬಾರದಂತೆ ತಂದವರು ಯಾರು? ಕಿಟಕಿಗೆ ಏನು ಮುಚ್ಚಿದರು? ಯಂತ್ರದ ಸದ್ದಿಗೆ ನೆರೆಯವರು ಏನೆಂದುಕೊಂಡರು? ಹಸಿ ಶಾಯಿಯ ಹಾಳೆಗಳನ್ನು ಕಟ್ಟಿದರೆ ಅಂಟಿಕೊಳ್ಳುವುದಿಲ್ಲವೆ? ಸಾಗಿಸುವಾಗ ಪೊಲೀಸರಿಗೆ ‘ವಂಶಾವಳಿಯ ಪುಸ್ತಕ’ ಎಂದು ಹೇಳಿ ಪಾರಾದರು ಎಂಬ ಮಾತು ಪ್ರಚಲಿತದಲ್ಲಿದೆ. ನಿಮ್ಮ ಕಥೆಯಲ್ಲಿ ಇಂಥದೊಂದು ಸುಳ್ಳು ಬೇಕೇ ಬೇಕು, ಮತ್ತು ಅದು ಪರೀಕ್ಷೆಗೆ ಒಳಗಾಗಬೇಕು.

ಆ ದಿನದ ವಿಚಿತ್ರವನ್ನೂ ಬಿಡಬೇಡಿ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಪಗೋಡಾ ಪಾರ್ಕಿನಲ್ಲಿ ವಿದ್ಯಾರ್ಥಿಗಳು ಕಾದಿದ್ದರು. ಸಹಿ ಹಾಕಿದ 33 ಮಂದಿಯಲ್ಲಿ ಬಂದಿದ್ದ 29 ಜನ ಹತ್ತಿರದ ತೆಹ್ವಾಗ್ವಾನ್ ಎಂಬ ಭೋಜನಾಲಯದಲ್ಲಿ ಸೇರಿ, ತಾವೇ ಪೊಲೀಸರಿಗೆ ತಿಳಿಸಿ ಬಂಧನಕ್ಕೆ ಒಳಗಾದರು. ಗಲಾಟೆ ಆಗಿ ರಕ್ತ ಹರಿಯಬಾರದೆಂದು ಜಾಗ ಬದಲಿಸಿದ್ದರು. ಪಾರ್ಕಿನಲ್ಲಿ ನಾಯಕರಿಲ್ಲದೆಯೇ ಘೋಷಣೆ ಓದಲಾಯಿತು. ಒಂದು ಪಾತ್ರವನ್ನು ಭೋಜನಾಲಯದಲ್ಲೂ ಇನ್ನೊಂದನ್ನು ಪಾರ್ಕಿನಲ್ಲೂ ಇಟ್ಟರೆ ಸಂಘರ್ಷ ತಾನಾಗಿ ಹುಟ್ಟುತ್ತದೆ.

ಸುದ್ದಿಯ ವೇಗ ಲೆಕ್ಕ ಹಾಕಿ. 1919ರ ಮಾರ್ಚ್‌ನಲ್ಲಿ ಕೊರಿಯನ್ ಭಾಷೆಯ ದಿನಪತ್ರಿಕೆ ಎಂದರೆ ಸರ್ಕಾರದ ತುತ್ತೂರಿ ‘ಮೆಯಿಲ್ ಸಿನ್ಬೊ’ ಒಂದೇ. ರೇಡಿಯೊ ಬಂದದ್ದು 1927ರಲ್ಲಿ. ಉಳಿದದ್ದು ರೈಲು, ಚರ್ಚು, ರಜೆಗೆ ಊರಿಗೆ ಮರಳುವ ವಿದ್ಯಾರ್ಥಿ, ಬಾಯಿಮಾತು. ಜನವರಿ 21ರಂದು ತೀರಿಕೊಂಡ ಮಾಜಿ ಸಾಮ್ರಾಟ ಗೊಜೊಂಗ್‌ಗೆ ವಿಷ ಹಾಕಿದರು ಎಂಬ ಗುಲ್ಲು ಹಬ್ಬಿದ್ದೂ ಬಾಯಿಯಿಂದಲೇ. ಮಾರ್ಚ್ 3ರ ಅಂತ್ಯಸಂಸ್ಕಾರಕ್ಕೆಂದು ಊರೂರಿನಿಂದ ರಾಜಧಾನಿಗೆ ಬಂದಿದ್ದ ಜನವೇ ಸುದ್ದಿಯನ್ನು ವಾಪಸ್ ಹೊತ್ತೊಯ್ದದ್ದು.

ಗಡಿ ದಾಟುವ ದೃಶ್ಯಕ್ಕೆ ಕೊರಿಯಾ ಬದಿಯ ಸಿನುಯ್ಜು ಮತ್ತು ಚೀನಾ ಬದಿಯ ಆಂದೊಂಗ್ ನಡುವಿನ ಯಾಲು ನದಿ ಒಳ್ಳೆಯ ಜಾಗ. 1911ರಿಂದ ಅಲ್ಲಿ ರೈಲ್ವೆ ಸೇತುವೆ, ಜೊತೆಗೆ ತಪಾಸಣೆ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ಮಂಜಿನ ಮೇಲೆ ನಡೆದು ದಾಟಬಹುದು. ಆಂದೊಂಗ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ ಬ್ರಿಟಿಷ್ ಪ್ರಜೆ ಜಾರ್ಜ್ ಶಾ ತನ್ನ ಕಂಪನಿಯ ಮೂಲಕ ಶಾಂಘೈನಲ್ಲಿದ್ದ ಕೊರಿಯನ್ನರ ತಾತ್ಕಾಲಿಕ ಸರ್ಕಾರದ ಜನ, ಹಣ, ಪತ್ರಗಳನ್ನು ಸಾಗಿಸಿದ. 1920ರ ಜುಲೈಯಲ್ಲಿ ಅವನೂ ಬಂಧನಕ್ಕೊಳಗಾದ. ನಿಮ್ಮ ಕಥೆ ಆ ಜುಲೈ ನಂತರದ್ದಾದರೆ ಬೇರೆ ದಾರಿ ಹುಡುಕಿ.

ಬಾವುಟ ಹೊಲಿಸುವ ದೃಶ್ಯವಿದ್ದರೆ ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಬರೆಯಬೇಡಿ. ಕೊರಿಯಾದ ಧ್ವಜಕ್ಕೆ ಈಗಿನ ಖಚಿತ ಅಳತೆ ಬಂದದ್ದು 1949ರಲ್ಲಿ. ಅದಕ್ಕೆ ಮೊದಲು ಕೈಯಲ್ಲಿ ಬರೆದವುಗಳಲ್ಲಿ ಸುಳಿಯ ತಿರುವು, ಮೂಲೆಯ ಗೆರೆಗಳ ಕ್ರಮ ಬೇರೆಬೇರೆ.

ಹೆಸರು, ಮಾತು, ಬೂದು ಬಣ್ಣ

ಕಿಮ್, ಲೀ, ಪಾಕ್ ಮೂವರನ್ನೂ ಒಂದೇ ಅಧ್ಯಾಯಕ್ಕೆ ತಂದು, ಅಣ್ಣತಮ್ಮಂದಿರಿಗೆ ವಾಡಿಕೆಯಂತೆ ಸಮಾನ ಅಕ್ಷರವಿರುವ ಹೆಸರಿಟ್ಟರೆ ಓದುಗ ದಿಕ್ಕು ತಪ್ಪುತ್ತಾನೆ. ಮುಖ್ಯ ಪಾತ್ರಗಳ ಮೊದಲ ಅಕ್ಷರ ಬೇರೆಬೇರೆ ಇರಲಿ. ಕುಟುಂಬನಾಮ ಮುಂದೆ ಬರಲಿ. ಮದುವೆಯಾದ ಹೆಂಗಸಿಗೆ ಗಂಡನ ಕುಟುಂಬನಾಮ ಅಂಟಿಸಬೇಡಿ. ಕೊರಿಯನ್ ಮಾತಿನ ಮರ್ಯಾದೆಯ ಮೆಟ್ಟಿಲುಗಳಿಗೆ ಕನ್ನಡದ ನೀನು, ನೀವು, ತಾವು ಚೆನ್ನಾಗಿ ಒದಗುತ್ತವೆ. ಇಪ್ಪತ್ತರ ಹರೆಯದ ಕಾನ್‌ಸ್ಟೇಬಲ್ ಬಿಳಿಗಡ್ಡದ ಯಜಮಾನನನ್ನು ‘ಏನೋ, ಎಲ್ಲಿಗೆ?’ ಎಂದರೆ ಆಳ್ವಿಕೆ ಎಂಥದೆಂದು ಓದುಗನಿಗೆ ವಿವರಿಸಬೇಕಿಲ್ಲ. ಆ ಕಾನ್‌ಸ್ಟೇಬಲ್ ಕೊರಿಯನ್ನನೇ ಆಗಿರಬಹುದು, ನೆನಪಿರಲಿ. ಕೆಂಪೆಯ್ ಸಹಾಯಕರಾಗಿ ಕೊರಿಯನ್ನರು ದೊಡ್ಡ ಸಂಖ್ಯೆಯಲ್ಲಿದ್ದರು.

ಒಳ್ಳೆಯವರು ಕೊನೆತನಕ ಒಳ್ಳೆಯವರಾಗಿಯೇ ಉಳಿಯುವ ಕಥೆಗೆ ಇತಿಹಾಸವೇ ಒಪ್ಪುವುದಿಲ್ಲ. ಮಾರ್ಚ್ 1ರ ಘೋಷಣೆ ಬರೆದ ಚೊಯ್ ನಾಮ್‌ಸೊನ್, ಅದಕ್ಕೂ ಮೊದಲು ಟೋಕಿಯೊದಲ್ಲಿ ಫೆಬ್ರವರಿ 8ರ ಘೋಷಣೆ ಬರೆದ ಯಿ ಗ್ವಾಂಗ್‌ಸು, ಇಬ್ಬರೂ ಮುಂದೆ ಆಳುವವರ ಪರ ನಿಂತರು. ಇಂಥ ಪಾತ್ರ ಬೇಕಾದರೆ ಒಂದೇ ರಾತ್ರಿಯ ದ್ರೋಹ ಬರೆಯಬೇಡಿ, ಹದಿನೈದು ವರ್ಷದ ಸಣ್ಣ ಸಣ್ಣ ರಾಜಿಗಳನ್ನು ಜೋಡಿಸಿ.

ಪೊಲೀಸ್ ವಿಚಾರಣೆಯ ದಾಖಲೆಗಳು ಸಿಕ್ಕರೆ ಸಂಭಾಷಣೆಯಾಗಿ ನಕಲು ಮಾಡುವ ಆಸೆ ಹುಟ್ಟುತ್ತದೆ. ಬರೆದುಕೊಂಡವನು ಪೊಲೀಸ್, ಉತ್ತರಿಸಿದವನು ಗೆಳೆಯರನ್ನು ಉಳಿಸಲು ಸುಳ್ಳು ಹೇಳಿರಬಹುದು, ಏಟು ತಾಳದೆ ಒಪ್ಪಿಕೊಂಡಿರಬಹುದು. ದಿನಾಂಕ, ವಿಳಾಸ, ಉದ್ಯೋಗ ತೆಗೆದುಕೊಳ್ಳಿ. ‘ಒಪ್ಪಿಕೊಂಡ ಉದ್ದೇಶ’ವನ್ನು ಹಾಗೇ ನಂಬಬೇಡಿ.

ಕಿಮ್ ಗು, ಆನ್ ಜುಂಗ್‌ಗುನ್, ಯುನ್ ಬೊಂಗ್‌ಗಿಲ್‌ರಂಥ ನಿಜ ಸ್ವಾತಂತ್ರ್ಯ ಹೋರಾಟಗಾರರನ್ನು ಕಥೆಯ ಅಂಚಿನಲ್ಲಿಡಿ: ಬಾಗಿಲಲ್ಲಿ ಕಾಣಿಸಿ ಹೋಗಲಿ, ಒಳಮನಸ್ಸಿಗೆ ಇಳಿಯಬೇಡಿ. ನಿಮ್ಮ ಕಲ್ಪಿತ ನಾಯಕ 1909ರಲ್ಲಿ ಆನ್ ಗುಂಡು ಹಾರಿಸಿದ ಹಾರ್ಬಿನ್ ನಿಲ್ದಾಣದಲ್ಲೂ 1919ರಲ್ಲಿ ಪಾರ್ಕಿನಲ್ಲೂ 1932ರಲ್ಲಿ ಯುನ್ ಬಾಂಬ್ ಎಸೆದ ಶಾಂಘೈನ ಹೊಂಗ್‌ಕೌ ಉದ್ಯಾನದಲ್ಲೂ ಇದ್ದರೆ ಅದು ಕಾದಂಬರಿಯಲ್ಲ, ಪ್ರವಾಸದ ವೇಳಾಪಟ್ಟಿ.

ಮುಕ್ತಾಯಕ್ಕೆ 1945ರ ಆಗಸ್ಟ್ 15 ಎಲ್ಲರನ್ನೂ ಸೆಳೆಯುತ್ತದೆ. ಅದನ್ನೇ ಆರಿಸಿದರೆ, ಗವರ್ನರ್ ಜನರಲ್ ಕಟ್ಟಡದ ಜಪಾನಿ ಬಾವುಟ ಇಳಿದದ್ದು ಸೆಪ್ಟೆಂಬರ್ 9ರಂದು, ಅಮೆರಿಕನ್ ಸೇನೆ ಶರಣಾಗತಿ ಬರೆಸಿಕೊಂಡಾಗ, ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನಡುವಿನ ಆ ಮೂರೂವರೆ ವಾರಗಳಲ್ಲಿ ಕೊನೆಯ ಅಧ್ಯಾಯ ನಡೆಸಬಹುದು. ಪುಸ್ತಕದ ಹಿಂಬದಿಯಲ್ಲಿ ಅರ್ಧ ಪುಟ ಮೀಸಲಿಟ್ಟು ಯಾವ ಪಾತ್ರ ಕಲ್ಪಿತ, ಯಾವ ತಾರೀಕನ್ನು ಹಿಂದೆಮುಂದೆ ಸರಿಸಿದ್ದೀರಿ ಎಂದು ಬರೆಯಿರಿ. ಸರಿಸಿದ್ದಕ್ಕೆ ಒಂದು ಸಾಲಿನ ಕಾರಣ ಸಾಕು.