ಆರ್ಕಿಟೈಪ್‌ಗಳಿಗೆ ಹೆಸರಿಟ್ಟಿದ್ದು ಕೌಂಟರ್ ಹುಡುಗ

ದಾವಣಗೆರೆಯ ಒಂದು ಪ್ರಾವಿಜನ್ ಸ್ಟೋರ್‌ನ ಎರಡು ವರ್ಷದ ಬಿಲ್‌ಗಳು. ಸುಮಾರು 2,300 ಗಿರಾಕಿಗಳು, 14 ಬಗೆಯ ಸಾಮಾನು. ಯಾವ ಯಾವ ಥರದ ಗಿರಾಕಿಗಳಿದ್ದಾರೆ ಅಂತ ಬಿಡಿಸಬೇಕಿತ್ತು. ನಾನು ಆರ್ಕಿಟೈಪ್ ವಿಶ್ಲೇಷಣೆ ಅಂದಾಗ, ಕೆ-ಮೀನ್ಸ್ (ಹತ್ತಿರದವರನ್ನು ಸರಾಸರಿಯ ಸುತ್ತ ಗುಂಪು ಮಾಡೋ ವಿಧಾನ) ಸಾಕಲ್ವಾ ಅಂತ ಜೊತೆಗಾರರು ನಕ್ಕಿದ್ದರು. ಮೊದಲು ಅದನ್ನೇ ಮಾಡಿದ್ದೆ. ಬಂದ ಐದೂ ಗುಂಪು ಒಂದೇ ಥರ: ಅಕ್ಕಿ ಸ್ವಲ್ಪ, ಬೇಳೆ ಸ್ವಲ್ಪ, ಸೋಪು ಸ್ವಲ್ಪ. ಯಜಮಾನರು ನೋಡಿ, "ಇಷ್ಟು ನಂಗೆ ಗೊತ್ತಿಲ್ವಾ ಸಾರ್?" ಅಂದರು.

ಆರ್ಕಿಟೈಪ್ ಅಂದರೆ ಸರಾಸರಿ ಅಲ್ಲ, ತುದಿಯಲ್ಲಿ ನಿಂತ ಅಪ್ಪಟ ಮಾದರಿ, ಅಂಕಿಗಳ ಒಂದು 'ಮೂಲೆ'. ಪ್ರತಿ ಗಿರಾಕಿಯನ್ನೂ ಈ ಮೂಲೆಗಳ ಬೆರಕೆಯಾಗಿ ನೋಡೋದು. ಅದನ್ನು ಹಾಕಿದ ಮೊದಲ ಸಲ ಇನ್ನೂ ಕೆಟ್ಟಿತು. ಒಂದು ಮೂಲೆಯನ್ನು ಒಬ್ಬರೇ ಗಿರಾಕಿ ಎಳೆದುಕೊಂಡಿದ್ದರು. ಮದುವೆ ಮನೆಯವರು, ಒಂದೇ ದಿನ ಹದಿನೈದು ಟಿನ್ ಎಣ್ಣೆ! ಅವರನ್ನು ತೆಗೆದು, ದೊಡ್ಡ ಅಂಕಿಗಳ ಅಬ್ಬರ ಇಳಿಸಲು ಲಾಗ್ (ಲಾಗರಿದಮ್) ಹಾಕಿದೆ. ಆಮೇಲೆ ರನ್ ಮಾಡಿದಾಗಲೆಲ್ಲ ಬೇರೆ ಉತ್ತರ. ಹಟಕ್ಕೆ ಬಿದ್ದು ಕ್ಲೌಡ್‌ನಲ್ಲಿ 2ರಿಂದ 12 ಮೂಲೆಯವರೆಗೆ, ತಲಾ 200 ಸಲ ಓಡಿಸಿದೆ. ಕ್ಲೌಡ್ ಬಾಡಿಗೆ ಆರು ಸಾವಿರ ಚಿಲ್ಲರೆ ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಫರ್ದೆಸ್ಟ್ ಸಮ್‌ನಿಂದ (ಒಂದರಿಂದೊಂದು ದೂರ ಇರೋ ಗಿರಾಕಿಗಳನ್ನೇ ಮೊದಲ ಮೂಲೆಗಳಾಗಿ ಆರಿಸೋ ಉಪಾಯ) ಶುರು ಮಾಡಿದ ಮೇಲೆ ನನ್ನ ಹಳೇ ಲ್ಯಾಪ್‌ಟಾಪೇ ಸಾಕಾಯಿತು. ಲಾಗ್‌ಗೆ ಮುಂಚೆ ಪ್ರತಿ ಕಾಲಂ ಅನ್ನು ಯಾವುದರಿಂದ ಭಾಗಿಸಿದೆ ಅನ್ನೋದು ನನ್ನ ಹೊಟ್ಟೆಪಾಡು, ಹೇಳಲ್ಲ.

ಆರ್‌ಎಸ್‌ಎಸ್ (ಲೆಕ್ಕ ಹಿಡಿಯದೆ ಬಿಟ್ಟ ತಪ್ಪಿನ ಮೊತ್ತ, residual sum of squares) ಗೆರೆ 4 ಮೂಲೆಗೆ ಬಾಗಿತು, ಅಂದರೆ ಆಮೇಲೆ ಮೂಲೆ ಹೆಚ್ಚಿಸಿದರೂ ಲಾಭ ಕಡಿಮೆ. 5ಕ್ಕೆ ಹೋದರೆ ಹಳೆಯ ನಾಲ್ಕು ಹಾಗೇ ಉಳಿಯೋದಿಲ್ಲ, ಗೊತ್ತಲ್ಲ. ಎರಡರಲ್ಲೂ ಹೆಚ್ಚುಕಡಿಮೆ ಅಲ್ಲೇ ನಿಂತ ಮೂರನ್ನು ಮಾತ್ರ ನಂಬಿದೆ.

ಮೊದಲು ಅಂಕಿ ನೋಡಿ ನಾನೇ ಹೆಸರಿಟ್ಟಿದ್ದೆ. ಕಡಲೆಹಿಟ್ಟು, ಎಣ್ಣೆ, ಮಂಡಕ್ಕಿ ಜಾಸ್ತಿ ಇದ್ದದ್ದಕ್ಕೆ 'ಕೂಡು ಕುಟುಂಬ' ಅಂದೆ. ಆಮೇಲೆ ಆಲ್ಫಾ (ಒಬ್ಬ ಗಿರಾಕಿಯಲ್ಲಿ ಆ ಮೂಲೆಯ ಪಾಲು, 0ರಿಂದ 1) 0.8 ದಾಟಿದವರ ಬಿಲ್‌ಗಳನ್ನು, ಹೆಸರು ನಂಬರ್ ಅಳಿಸಿ, ಪ್ರಿಂಟ್ ತೆಗೆದು ಕೌಂಟರ್ ಹುಡುಗನ ಮುಂದೆ ಇಟ್ಟೆ. "ಮಿರ್ಚಿ-ಮಂಡಕ್ಕಿ ಗಾಡಿಯವ್ರು ಸಾರ್" ಅಂದ. ನೂಡಲ್ಸ್, ಬಿಸ್ಕತ್ತು, ಶಾಂಪೂ ಸ್ಯಾಷೆ ಇದ್ದು ಅಕ್ಕಿಯೇ ಇಲ್ಲದ ಮೂಲೆ ಪಿ.ಜಿ. ಹುಡುಗರದು. ಇನ್ನೊಂದು ಸಂಬಳದ ವಾರದಲ್ಲಿ ಒಟ್ಟಿಗೆ ರೇಷನ್ ಒಯ್ಯೋ ಮನೆಗಳದು. 0.8 ದಾಟಿದವರು ನೂರಿಪ್ಪತ್ತು ಇದ್ದರೇನೋ. ಉಳಿದವರೆಲ್ಲ ಬೆರಕೆ. ಗಾಡಿ ಮೂಲೆಗೆ 0.4 ಇದ್ದ ಕೆಲವರು ಮನೆಯಲ್ಲೇ ಸಂಜೆ ಬಜ್ಜಿ ಕರಿದು ಮಾರುವವರಂತೆ. ಕೆ-ಮೀನ್ಸ್ ಅವರನ್ನು 'ಮಾಮೂಲಿ ಮನೆ'ಗೆ ಸೇರಿಸಿತ್ತು.

ಸುಮ್ನೆ ಕುತೂಹಲಕ್ಕೆ ತಿಂಗಳು ಬಿಡಿಸಿಯೂ ನೋಡಿದೆ. ರವೆ, ಬೆಲ್ಲ, ಕೊಬ್ಬರಿಯ ಹೊಸ ಮೂಲೆ ಸಿಕ್ಕಿತೆಂದು ಕುಣಿದೆ. ತಾರೀಖು ನೋಡಿದರೆ ಶ್ರಾವಣ!

ಯಜಮಾನರು ಈಗ ಕಡಲೆಹಿಟ್ಟನ್ನು 5 ಕೆಜಿ ಪ್ಯಾಕ್ ಮಾಡಿ ಮಧ್ಯಾಹ್ನವೇ ಹೊರಗೆ ಜೋಡಿಸುತ್ತಾರೆ. ನನಗೆ ಕೊಡದೆ ತಡೆದಿಟ್ಟಿದ್ದ ಬಾಕಿ ಹನ್ನೆರಡು ಸಾವಿರ ರೂಪಾಯಿ ಮುಂದಿನ ವಾರವೇ ಕೊಟ್ಟರು. ನಾಲ್ಕನೇ ಮೂಲೆ ನೋಡಿ ಹುಡುಗನೂ ತಲೆ ಕೆರೆದುಕೊಂಡ. ಅದಕ್ಕೆ ರಿಪೋರ್ಟ್‌ನಲ್ಲಿ ಹೆಸರು ಹಾಕಲಿಲ್ಲ.